ಧಾರೆಗೆ ಯಾರನ್ನು ಕರೆಯುತ್ತೀ, ಮಗಳೇ?

ಮೊನ್ನೆ ನೀನು ಬಂದು ನಮ್ಮ ಜಗಲಿಯ ಮೇಲೆ ಕೂತು ಮದುವೆಯ ಸಿದ್ಧತೆಯನ್ನೆಲ್ಲ ಒಂದೊಂದಾಗಿ ಹೇಳಿದೆ. ಅರಸೀಕೆರೆಯಲ್ಲಿ ಛತ್ರ ಗೊತ್ತಾಗಿದೆ, ಫೋಟೊದವರಿಗೆ ಮುಂಗಡ ಹೋಗಿದೆ, ಅಡುಗೆಯವರು ಎಷ್ಟು ಎಲೆ ಎಂದು ಕೇಳಿದ್ದಾರೆ, ಧಾರೆ ಸೀರೆಯ ರವಿಕೆ ಹೊಲಿಯಲು ಕೊಟ್ಟಾಗಿದೆ. ಕೇಳಿ ಸಂತೋಷವಾಯಿತು. "ಮದುವೆ ಮಾಡಿಸೋರು ಯಾರಮ್ಮ?" ಅಂದೆ. "ಅದಾ ಅಜ್ಜಿ, ಛತ್ರದವರೇ ಯಾರನ್ನೋ ಕರೆಸ್ತಾರಂತೆ, ಅವರ ಲೆಕ್ಕದಲ್ಲೇ ಬರುತ್ತೆ" ಅಂದೆ ನೀನು. ನೀನು ಬೆಂಗಳೂರಿನ ಬಸ್ಸು ಹತ್ತಿದ ಮೇಲೂ ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರವಿಕೆಯ ತೋಳು ಎಷ್ಟುದ್ದ ಇರಬೇಕು ಅನ್ನುವುದಕ್ಕೆ ನೀನು ಎರಡು ಸಲ ಟೈಲರ್ ಹತ್ತಿರ ಹೋಗಿಬಂದೆ. ನಿನ್ನ ಕೈಯನ್ನು ಹುಡುಗನ ಕೈಯಲ್ಲಿ ಇಡಿಸುವವರ ಮುಖವನ್ನು ಮಾತ್ರ ಆವತ್ತು ಬೆಳಗ್ಗೆಯೇ ನೋಡುತ್ತೀಯೆ. ಅವರ ಹೆಸರೂ ನಿನಗೆ ಗೊತ್ತಿರುವುದಿಲ್ಲ. ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರ ಹೆಸರೆಲ್ಲ ಇರುತ್ತವೆ. ಮಾತು ಬಾರದ ಕೂಸುಗಳ ಹೆಸರೂ ಇರುತ್ತವೆ. ಮದುವೆ ಮಾಡಿಸಿದವರ ಹೆಸರನ್ನು ನಾನು ಯಾವ ಪತ್ರಿಕೆಯಲ್ಲೂ ಕಂಡಿಲ್ಲ.

ನಮ್ಮದು ಮಾಡಿದ ಕೆಲಸಕ್ಕೆ ಹೆಸರು ಬರೆದಿಟ್ಟ ಸೀಮೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟು ಒಂಬೈನೂರು ವರ್ಷವಾಯಿತು. ಇಗೋ, ಇದನ್ನು ನಾನು ಮಾಡಿದೆ, ಇದರ ಹೊಣೆ ನನ್ನದು ಎಂದು ಹೇಳುವ ಅಕ್ಷರಗಳು ಅವು. ನಮ್ಮೂರ ಕೊಳದ ಮೆಟ್ಟಿಲುಗಳನ್ನೂ, ಸುತ್ತಲಿನ ಆ ಪುಟ್ಟ ಗುಡಿಗಳನ್ನೂ ಚಿಕ್ಕಂದಿನಿಂದ ನೋಡಿದ್ದೀಯಲ್ಲ, ಒಂದು ಕಲ್ಲನ್ನಾದರೂ ಯಾರೋ ದಾರಿಹೋಕರು ಬಂದು ಇಟ್ಟು ಹೋದ ಹಾಗೆ ಕಾಣುತ್ತದೆಯೇ? ನಿನ್ನ ಮದುವೆಗೂ ಅಂಥ ಹೊಣೆ ಹೊರುವವರು ಬೇಕು ಎನ್ನುವುದು ನನ್ನ ಆಸೆ.

ನಿನಗೆ ಇನ್ನೊಂದು ತೊಡಕಿದೆ, ಅದು ನನಗೆ ಗೊತ್ತು. ಹುಡುಗ ಅರಸೀಕೆರೆ ಕಡೆಯ ಲಿಂಗಾಯತರ ಮನೆಯವನು, ನೀನು ಒಕ್ಕಲಿಗರ ಮನೆಯವಳು. ಅವರ ಮನೆಯಲ್ಲಿ ಅಯ್ಯನವರು ಬಂದು ಪಂಚಕಳಶ ಇಟ್ಟು ಮಾಡಿಸಬೇಕು ಅನ್ನುತ್ತಾರೆ. ನಿಮ್ಮ ದೊಡ್ಡಪ್ಪನವರು, ನಮ್ಮಲ್ಲಿ ಪುರೋಹಿತರೇ ಮಾಡಿಸಿಕೊಂಡು ಬಂದಿರೋದು ಅನ್ನುತ್ತಾರೆ. ಈ ಜಗ್ಗಾಟದಲ್ಲಿ ಬೇಸತ್ತು "ಛತ್ರದವರೇ ಕರೆಸಲಿ" ಎಂದು ನೀವಿಬ್ಬರೂ ಕೈಬಿಟ್ಟಿದ್ದೀರಿ ಅಂತ ನನಗೆ ಅನ್ನಿಸಿತು. ಜಗಳ ತಪ್ಪಿತು, ನಿಜ. ಆದರೆ ಮದುವೆಯ ಅತಿ ಮುಖ್ಯವಾದ ಆಯ್ಕೆಯನ್ನು ನಿಮ್ಮಿಬ್ಬರನ್ನೂ ಅರಿಯದವರ ಕೈಗೆ ಕೊಟ್ಟಂತಾಯಿತು.

ಕಾನೂನಿನ ಮಾತು ಮೊದಲು ಹೇಳಿಬಿಡುತ್ತೇನೆ, ಮನಸ್ಸು ಹಗುರವಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಬಿಡಿಸಿಯೇ ಬರೆಯಲ್ಪಟ್ಟಿವೆ. ನಿಮ್ಮಿಬ್ಬರಿಗೂ ಅನ್ವಯಿಸುವುದು ಒಂದೇ ಕಾಯ್ದೆ. ಅದರ 7ನೆಯ ಕಲಂ ಹೇಳುವುದು ಇಷ್ಟು: ಗಂಡು ಹೆಣ್ಣು ಇಬ್ಬರಲ್ಲಿ ಯಾರಾದರೂ ಒಬ್ಬರ ಕಡೆಯ ರೂಢಿಯ ಶಾಸ್ತ್ರದಂತೆ ಮದುವೆ ನಡೆದರೆ ಸಾಕು. ಆ ಶಾಸ್ತ್ರದಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. ಮಾಡಿಸುವವರು ಇಂಥ ಜಾತಿಯವರೇ ಆಗಿರಬೇಕು, ಇಂಥ ಪಾಠಶಾಲೆಯಲ್ಲೇ ಓದಿರಬೇಕು, ಗಂಡಸೇ ಆಗಿರಬೇಕು ಎಂದು ಆ ಕಲಂ ಎಲ್ಲೂ ಹೇಳುವುದಿಲ್ಲ. ಆದ್ದರಿಂದ ಅಯ್ಯನವರು ಮಾಡಿಸಿದರೂ ಮದುವೆಯೇ, ಪುರೋಹಿತರು ಮಾಡಿಸಿದರೂ ಮದುವೆಯೇ. ಎರಡೂ ಮನೆಯ ಶಾಸ್ತ್ರ ಸೇರಿಸಿ ಮಾಡಿದರೂ ಲೋಪವಿಲ್ಲ. ದೊಡ್ಡಪ್ಪನವರಿಗೆ ಇದನ್ನು ಸಮಾಧಾನದಿಂದ ಹೇಳು.

ಹಾಗೆಂದು ಶಾಸ್ತ್ರವನ್ನೇ ಹಗುರವಾಗಿ ಕಾಣಬೇಡ. ರಿಜಿಸ್ಟರ್ ಮಾಡಿಸಿಬಿಟ್ಟರೆ ಆಯಿತಲ್ಲ ಎಂದು ನಿನ್ನ ಗೆಳತಿಯೊಬ್ಬಳು ಹೇಳಿದಳು ಅಂದೆಯಲ್ಲ, ಆ ಮಾತಿನಲ್ಲಿ ತಪ್ಪಿದೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಮಾನದ ಪೈಲಟ್ ಆಗಿದ್ದ ಇಬ್ಬರು ಶಾಸ್ತ್ರವನ್ನೇ ಮಾಡದೆ ಒಂದು ಸಂಸ್ಥೆಯಿಂದ ಪ್ರಮಾಣಪತ್ರ ತಂದು ಅದರ ಮೇಲೆ ನೋಂದಣಿ ಮಾಡಿಸಿಕೊಂಡಿದ್ದರು. ಶಾಸ್ತ್ರ ನಡೆಯದೆ ಬರಿಯ ಕಾಗದದಿಂದ ಹಿಂದೂ ವಿವಾಹ ಆಗುವುದಿಲ್ಲ ಎಂದಿತು ಕೋರ್ಟು. ಮೊದಲು ಮದುವೆ ನಿಜವಾಗಿ ಆಗಬೇಕು, ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ದಾಖಲೆಯಾಗಬೇಕು. ಎರಡನ್ನೂ ಮಾಡಿಸಿಕೊಳ್ಳಿ. ಬೇರೆ ಬೇರೆ ಧರ್ಮದವರಾದರೆ, ಇಲ್ಲವೆ ಶಾಸ್ತ್ರವೇ ಬೇಡ ಎನ್ನುವವರಾದರೆ 1954ರ ವಿಶೇಷ ವಿವಾಹ ಕಾಯ್ದೆಯಿದೆ. ಅಲ್ಲಿ 30 ದಿನ ಮುಂಚೆ ನೋಟಿಸು ಕೊಡಬೇಕು, ಮೂವರು ಸಾಕ್ಷಿಗಳು ಬೇಕು. ನಿಮಗೆ ಅದರ ಅಗತ್ಯ ಬೀಳದು.

ಪುರೋಹಿತರೂ ಇಲ್ಲದೆ, ಅಯ್ಯನವರೂ ಇಲ್ಲದೆ ಮದುವೆಯಾದವರು ನಮ್ಮ ಪಕ್ಕದಲ್ಲೇ ಇದ್ದರು. ಬೇಲೂರು ದಾಟಿ ಮಲೆಯ ಕಡೆ ಹೋದರೆ ಮೂಡಿಗೆರೆ. ಅಲ್ಲಿಯ ಕಾಫಿ ತೋಟದಲ್ಲಿ 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ನಡೆಯಿತು. ಆ ಮದುವೆಗೆಂದು ಕುವೆಂಪು ಅವರೇ ಸಿದ್ಧಪಡಿಸಿದ್ದು ಮಂತ್ರಮಾಂಗಲ್ಯ. ವೇದ ಉಪನಿಷತ್ತುಗಳ ಮಾತು ಕನ್ನಡದ ಅರ್ಥದೊಡನೆ ಅಲ್ಲಿದೆ. ಮುಹೂರ್ತ ಹುಡುಕುವುದಿಲ್ಲ, ವರದಕ್ಷಿಣೆಯಿಲ್ಲ, ಉಡುಗೊರೆಯಿಲ್ಲ, ಆಡಂಬರವಿಲ್ಲ. ಹಿರಿಯರೊಬ್ಬರು ಓದುತ್ತಾರೆ, ಗಂಡು ಹೆಣ್ಣು ಅದನ್ನು ತಮ್ಮ ಬಾಯಲ್ಲಿ ಹೇಳಿ ಪ್ರಮಾಣ ಮಾಡುತ್ತಾರೆ. ನಾನಾಗ ಹೈಸ್ಕೂಲು ಹುಡುಗಿ. ಮಗನ ಮದುವೆಗೆ ತಂದೆಯೇ ಮಂತ್ರ ಬರೆದರಂತೆ ಎಂಬುದನ್ನು ಎಷ್ಟೋ ವರ್ಷ ಕಳೆದ ಮೇಲೆ ಕೇಳಿದಾಗ ಮೈ ಜುಮ್ಮೆಂದಿತು. ಆಮೇಲೆ ರೈತಸಂಘದವರು ಹಳ್ಳಿಹಳ್ಳಿಯಲ್ಲಿ ಸರಳ ಮದುವೆಗಳನ್ನು ಮಾಡಿಸಿದರು. ಕುಪ್ಪಳಿಗೆ ಹೋಗಿ ಮಂತ್ರಮಾಂಗಲ್ಯದಲ್ಲಿ ಮದುವೆಯಾಗುವವರು ಈಗಲೂ ಇದ್ದಾರೆ.

ನೀವೂ ಹಾಗೇ ಆಗಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಎರಡೂ ಮನೆಗೆ ಶಾಸ್ತ್ರ ಬೇಕಾಗಿದೆ, ಆಗಲಿ. (ಮುಂದೆ ನಿನ್ನ ತಮ್ಮ ಆ ದಾರಿ ಹಿಡಿದರೆ, ಅದು ರೂಢಿಯ ಶಾಸ್ತ್ರವೇ ಎಂಬ ಪ್ರಶ್ನೆ ಏಳದ ಹಾಗೆ ವಿಶೇಷ ವಿವಾಹ ಕಾಯ್ದೆಯ ಅಡಿಯಲ್ಲಿ ನೋಂದಾಯಿಸಿಕೊಳ್ಳುವುದು ಕ್ಷೇಮ ಎಂದು ಅವನಿಗೆ ಹೇಳಿರು.) ಆದರೆ ಆ ಮದುವೆಯಿಂದ ಎರಡು ಗುಣ ನೀನು ತೆಗೆದುಕೊಳ್ಳಬಹುದು. ಮದುಮಕ್ಕಳು ಏನು ಹೇಳುತ್ತಿದ್ದೇವೆ ಎಂದು ತಿಳಿದು ಹೇಳಿದರು. ಮಾಡಿಸಿದವರು ಅವರಿಬ್ಬರನ್ನೂ ಬಲ್ಲವರಾಗಿದ್ದರು. ಈ ಎರಡು ಯಾವ ಪದ್ಧತಿಯ ಮದುವೆಗೂ ಒಗ್ಗುತ್ತವೆ.

ಸಪ್ತಪದಿಯನ್ನೇ ನೋಡು. ಒಂದೊಂದು ಹೆಜ್ಜೆಗೆ ಒಂದೊಂದು ಕೋರಿಕೆಯಿದೆ: ಅನ್ನಕ್ಕೆ, ಬಲಕ್ಕೆ, ಸಂಪತ್ತಿಗೆ, ಸುಖಕ್ಕೆ, ಸಂತಾನಕ್ಕೆ, ಋತುಗಳ ಅನುಕೂಲಕ್ಕೆ. ಏಳನೆಯದು ಸ್ನೇಹಕ್ಕೆ. ಮದುವೆ ಮುಗಿಯುವುದೇ ಗಂಡು ಹೆಣ್ಣು ಒಬ್ಬರಿಗೊಬ್ಬರು ಸಖರಾದಾಗ. ಇದನ್ನು ನಾನು ತಿಳಿದದ್ದು ನನ್ನ ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ, ಇನ್ನೊಬ್ಬರ ಮದುವೆಯಲ್ಲಿ. ಅಲ್ಲಿಗೆ ಬಂದಿದ್ದ ಪುರೋಹಿತರು ಪ್ರತಿ ಹೆಜ್ಜೆಗೂ ನಿಂತು, ಎಳೆಯರಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿದರು. ಊಟದ ಹಾಲಿಗೆ ಹೊರಟಿದ್ದವರೂ ನಿಂತು ಕೇಳಿದರು. ನನ್ನವರು ನನ್ನ ಪಕ್ಕದಲ್ಲೇ ಇದ್ದರು, "ಏಳನೇದು ಸ್ನೇಹವಂತೆ ಕಣೇ" ಎಂದರು. ಅಷ್ಟು ಹೊತ್ತಿನ ಮಂತ್ರದಲ್ಲಿ ನಮಗೆ ಮನೆಗೆ ತರಲು ಸಿಕ್ಕಿದ್ದು ಅದೊಂದು ಮಾತು. ಇವತ್ತಿಗೂ ಅದು ನನ್ನ ಹತ್ತಿರ ಇದೆ.

ಲಿಂಗಾಯತರ ಪದ್ಧತಿಯಲ್ಲಿ ಐದು ಕಳಶಗಳು ಐದು ಆಚಾರ್ಯ ಪೀಠಗಳ ನೆನಪಿಗೆ. ಅವುಗಳಲ್ಲಿ ಒಂದು ಪೀಠ ನಮ್ಮ ನೆರೆಯ ಬಾಳೆಹೊನ್ನೂರಿನಲ್ಲೇ ಇದೆ. ವಚನಗಳನ್ನು ಓದಿ, ಅರ್ಥ ಹೇಳಿ ಮದುವೆ ಮಾಡಿಸುವವರೂ ಇದ್ದಾರೆ. ನಿನ್ನ ಅತ್ತೆ ಮಾವ ಯಾವುದನ್ನು ನಡೆಸಿಕೊಂಡು ಬಂದಿದ್ದಾರೆ ಎಂದು ನೀನೇ ಕೇಳಿ ತಿಳಿ. ಸೊಸೆಯಾಗುವವಳು ಬಂದು ಕೇಳಿದಳು ಎಂಬುದೇ ಅವರಿಗೆ ದೊಡ್ಡದಾಗಿ ಕಾಣುತ್ತದೆ.

ಈಗ ಇನ್ನೊಂದು ಸಂಗತಿ. ನಾನು ನಿವೃತ್ತಿಯಾಗುವುದಕ್ಕೆ ಎರಡು ಮೂರು ವರ್ಷ ಇದ್ದಾಗ, ಒಂದು ಮಧ್ಯಾಹ್ನ ವಯಸ್ಸಾದ ಅಯ್ಯನವರೊಬ್ಬರು ಶಾಲೆಗೆ ಬಂದರು. "ಟೀಚರಮ್ಮ, ಈ ಹುಡುಗಿ ಇಲ್ಲೇ ಓದಿದ್ದಂತೆ, ಹುಟ್ಟಿದ ತಾರೀಕು ನೋಡಿ ಹೇಳಿ" ಎಂದರು. ದಾಖಲಾತಿ ಪುಸ್ತಕ ತೆಗೆದು ನೋಡಿದೆ. ಹುಡುಗಿಗೆ ಹದಿನಾರು ತುಂಬಿತ್ತು ಅಷ್ಟೇ. ಅವರು ಮಾತಾಡದೆ ಎದ್ದು ಹೋದರು. ಆ ಮನೆಯವರಿಗೆ, ನಾನು ಮಾಡಿಸುವುದಿಲ್ಲ, ಬೇರೆಯವರು ಮಾಡಿಸಲು ಬಂದರೂ ನಾನು ಸುಮ್ಮನಿರುವುದಿಲ್ಲ ಎಂದು ಹೇಳಿದರಂತೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ಮಾಡಿಸಿದವರಿಗೂ ಎರಡು ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಅವರು ಹೆದರಿ ಹಿಂದೆ ಸರಿದವರಲ್ಲ. ಹೆದರಿದ್ದರೆ ಹುಷಾರಿಲ್ಲ ಎಂದು ಹೇಳಿ ಮನೆಯಲ್ಲೇ ಉಳಿಯಬಹುದಿತ್ತು. ಆ ಹುಡುಗಿ ಪಿಯುಸಿ ಮುಗಿಸಿದಳು. ಮೂರು ವರ್ಷದ ಮೇಲೆ ಅವಳ ಮದುವೆ ಮಾಡಿಸಿದ್ದೂ ಅದೇ ಅಯ್ಯನವರು. ಮನೆಯವರೇ ಹೋಗಿ ಅವರನ್ನು ಕರೆತಂದರು.

ಅಂಥವರು ಬೇಕು ಕಣಮ್ಮ. ಆಗದು ಎನ್ನಬೇಕಾದಲ್ಲಿ ಆಗದು ಎನ್ನಬಲ್ಲವರು. ನಿನ್ನ ವಯಸ್ಸಿಗೆ ಆ ಕಾಯ್ದೆಯ ಮಾತು ಬೇಡ. ಆದರೆ ಹಸೆಮಣೆಯ ಮುಂದೆ ಬೇಡ ಎನ್ನಬೇಕಾದ ಸಂದರ್ಭಗಳು ಇನ್ನೂ ಎಷ್ಟೋ ಬರುತ್ತವೆ. ತಾಳಿ ಕಟ್ಟುವ ಹೊತ್ತಿಗೆ ಫೋಟೊದವರು "ಇನ್ನೊಂದ್ ಸಲ, ಈ ಕಡೆ ನೋಡಿ" ಎಂದು ನಿಲ್ಲಿಸುವುದನ್ನು ನೀನೇ ಕಂಡಿದ್ದೀಯೆ. ಒಂದು ಮದುವೆಯಲ್ಲಿ ಮೂರು ಸಲ ಕೈ ಎತ್ತಿಸಿದರು, ಕೊನೆಗೆ ಗಂಟು ಬಿದ್ದದ್ದು ಯಾವಾಗ ಎಂದು ಹೆತ್ತವರಿಗೇ ತಿಳಿಯಲಿಲ್ಲ. ಮಾಡಿಸುತ್ತಿದ್ದವರು ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಆ ಹೊತ್ತಿಗೆ ಇನ್ನೊಂದು ಛತ್ರ ಮುಟ್ಟುವ ಅವಸರವಿತ್ತು. ಲಗ್ನದ ದಿನಗಳಲ್ಲಿ ಒಬ್ಬರೇ ಎರಡು ಮೂರು ಮದುವೆ ಒಪ್ಪಿಕೊಂಡು ಓಡಾಡುತ್ತಾರೆ. ಆವತ್ತು ಇನ್ನೊಂದು ಮದುವೆ ಒಪ್ಪಿಕೊಂಡಿದ್ದೀರಾ ಎಂದು ಮೊದಲೇ ಕೇಳು. ಕೇಳುವುದರಲ್ಲಿ ಅಗೌರವವಿಲ್ಲ. ಅವರ ದಕ್ಷಿಣೆಯನ್ನೂ ಮೊದಲೇ ಮಾತಾಡಿ, ಕೈತುಂಬ ಕೊಡಿ. ಹಸೆಯ ಪಕ್ಕದಲ್ಲಿ ನಿಂತು ಚೌಕಾಸಿ ಮಾಡುವ ದೊಡ್ಡವರನ್ನು ಕಂಡು ನಾನು ನಾಚಿದ್ದೇನೆ. ಹೂವಿನ ಅಲಂಕಾರಕ್ಕೆ ಲಕ್ಷ ಕೊಟ್ಟವರು ಅಲ್ಲಿ ಸಾವಿರಕ್ಕೆ ಎಳೆದಾಡುತ್ತಾರೆ. ಬೆಳಗಿನ ಜಾವದಿಂದ ಉಪವಾಸ ಕೂತವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಿ.

ಇಷ್ಟನ್ನು ಹೇಳಲು ಮಾತ್ರ ಆಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ನಾನು ಬರೆಯಲು ಕೂತದ್ದು ನಿನ್ನ ಅಮ್ಮನ ಸಲುವಾಗಿ.

ನಿನ್ನ ಅಮ್ಮ ನನ್ನ ಕೈಯಲ್ಲಿ ಓದಿದವಳು. ನಿನ್ನ ಅಪ್ಪ ಹೋದಾಗ ನಿನಗೆ ಹದಿನೈದು, ನಿನ್ನ ತಮ್ಮನಿಗೆ ಒಂಬತ್ತು. ಅವಳು ಹಾಲು ಕರೆದು ಡೇರಿಗೆ ಹಾಕಿ, ಎರಡು ಎಕರೆಯಲ್ಲಿ ರಾಗಿ, ಆಲೂಗೆಡ್ಡೆ ಬೆಳೆದು ನಿಮ್ಮನ್ನು ಈ ಮಟ್ಟಕ್ಕೆ ತಂದಳು. ಆವತ್ತು ನಿನ್ನ ಜೊತೆ ಬಂದು ಜಗಲಿಯ ತುದಿಯಲ್ಲಿ ಕೂತಿದ್ದಳಲ್ಲ, ನೀನು ಎದ್ದು ಒಳಗೆ ನೀರು ತರಲು ಹೋದಾಗ ಮೆಲ್ಲಗೆ ಹೇಳಿದಳು: "ಧಾರೆ ಅಣ್ಣ ಅತ್ತಿಗೆ ಎರೀತಾರೆ ಟೀಚರ್. ನಾನು ಆ ಕಡೆ ಅಡುಗೆ ಮನೆ ನೋಡ್ಕೋತೀನಿ." ಅವಳ ದನಿಯಲ್ಲಿ ದೂರಿರಲಿಲ್ಲ. ಅದು ಹಾಗೇ ಇರಬೇಕಾದ್ದು ಎಂದು ಒಪ್ಪಿಕೊಂಡಿದ್ದಳು. ಅದೇ ನನ್ನನ್ನು ಹೆಚ್ಚು ಸುಟ್ಟದ್ದು.

ನನ್ನ ಮಗಳ ಮದುವೆಯ ಹೊತ್ತಿಗೆ ನನ್ನವರು ಹೋಗಿ ಆರು ವರ್ಷವಾಗಿತ್ತು. ಆ ಮದುವೆಗೆ ನನ್ನ ಸಂಬಳ, ನನ್ನ ಸಾಲ, ನನ್ನ ಓಡಾಟ. ಧಾರೆಯ ಹೊತ್ತಿಗೆ ಮಾಡಿಸಲು ಬಂದಿದ್ದವರು, "ಅಮ್ಮ, ನೀವು ಸ್ವಲ್ಪ ಹಿಂದೆ ನಿಂತ್ಕೊಳಿ" ಅಂದರು. ಕಟುವಾಗಿ ಅನ್ನಲಿಲ್ಲ, ಮೆತ್ತಗೇ ಅಂದರು. ನಾನು ಉಗ್ರಾಣದ ಬಾಗಿಲಲ್ಲಿ, ತೆಂಗಿನಕಾಯಿ ಚೀಲದ ಪಕ್ಕ ನಿಂತೆ. ಅಲ್ಲಿಂದ ನನಗೆ ಕಂಡದ್ದು ಮಗಳ ಬಾಸಿಂಗದ ತುದಿ ಮಾತ್ರ. ನನ್ನ ತಮ್ಮ, ತಮ್ಮನ ಹೆಂಡತಿ ಧಾರೆ ಎರೆದರು. ನೆಂಟರೆಲ್ಲ ಸಾಲಾಗಿ ಬಂದು ಒಂದೊಂದು ಸಲ ಹಾಲು ಎರೆದರು. ದೂರದ ನೆಂಟರೂ ಎರೆದರು. ಆ ಹುಡುಗಿಯನ್ನು ಹೆತ್ತ ಕೈ ಒಂದು ಮಾತ್ರ ಎರೆಯಲಿಲ್ಲ. ಮಗಳು ತಲೆಯೆತ್ತಿ ಆ ಕಡೆ ಈ ಕಡೆ ಹುಡುಕಿದ್ದು ಕಂಡಿತು. ನಾನು ಕೈ ಎತ್ತಿ ಇಲ್ಲಿದ್ದೇನೆ ಎಂದು ತೋರಿಸಲಿಲ್ಲ. ಅವಳು ಇವತ್ತಿಗೂ, "ಆವತ್ತು ಎಲ್ಲಿದ್ದೆ ಅಮ್ಮ?" ಎಂದು ಒಮ್ಮೊಮ್ಮೆ ಕೇಳುತ್ತಾಳೆ.

ಆ ಮದುವೆ ಮಾಡಿಸಿದವರನ್ನು ನಾನು ಬೈಯುವುದಿಲ್ಲ. ಅವರು ಕಲಿತು ಬಂದದ್ದನ್ನು ಹೇಳಿದರು. ತಪ್ಪು ನಮ್ಮ ಕಡೆಯದು: ಅವರು ಯಾರು, ಏನು ಹೇಳುವವರು ಎಂದು ನಮ್ಮಲ್ಲಿ ಒಬ್ಬರೂ ಮೊದಲೇ ಹೋಗಿ ಕೇಳಿರಲಿಲ್ಲ. ಕೇಳಿದ್ದರೆ, "ಧಾರಾಳವಾಗಿ ಬನ್ನಿ" ಎನ್ನುವ ಇನ್ನೊಬ್ಬರು ಸಿಗುತ್ತಿದ್ದರು. ಅಂಥವರು ಇದ್ದಾರೆ. ನಾಲ್ಕು ವರ್ಷದ ಹಿಂದೆ ಹಳೇಬೀಡಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಗಂಡನಿಲ್ಲದ ತಾಯಿ ಗೋಡೆಗೆ ಒರಗಿ ನಿಂತಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿ, "ಹುಡುಗಿ ತಾಯಿ ಎಲ್ಲಿ? ಅವರು ಬರದೆ ನಾನು ಮುಂದಕ್ಕೆ ಹೋಗಲ್ಲ" ಎಂದರು. ಛತ್ರ ಗಪ್‌ಚಿಪ್ಪಾಯಿತು. ಆ ತಾಯಿ ನಡುಗುವ ಕೈಯಲ್ಲಿ ತಂಬಿಗೆ ಹಿಡಿದಾಗ ನನ್ನ ಪಕ್ಕದಲ್ಲಿದ್ದ ಮುದುಕಿಯರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಪಶಕುನ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ.

ಗಂಡನಿಲ್ಲದ ತಾಯಿ ಧಾರೆ ಎರೆಯುವುದು ಎಲ್ಲೂ ಇಲ್ಲದ ಪದ್ಧತಿ ಎಂದು ಯಾರಾದರೂ ಹಿರಿಯರು ಅಂದರೆ ಅವರಿಗೆ ಹೇಳು. ಕೊಡವರ ಮದುವೆಯಲ್ಲಿ ಪುರೋಹಿತರೇ ಇಲ್ಲ, ಮನೆತನದ ಹಿರಿಯರೇ ನಿಂತು ನಡೆಸುತ್ತಾರೆ. ಅಲ್ಲಿ ಮದುಮಗಳ ಕೊರಳಿಗೆ ತಾಳಿಯ ಹಾಗಿನ ಪತ್ತಾಕ್ ಕಟ್ಟುವುದು ಹೆತ್ತ ತಾಯಿ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು. ಅಲ್ಲಿ 2013ರಲ್ಲಿ ಗಂಡನನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳನ್ನು ಅರ್ಚಕರನ್ನಾಗಿಯೇ ನೇಮಿಸಿದರು. ಪುಣೆಯ ಜ್ಞಾನಪ್ರಬೋಧಿನಿಯಲ್ಲಿ ಹೆಂಗಸರಿಗೂ ಪೌರೋಹಿತ್ಯ ಕಲಿಸಿ ಎಷ್ಟೋ ವರ್ಷವಾಯಿತು. ದೇವರ ಮುಂದೆ ಆರತಿ ಎತ್ತಬಹುದಾದ ಕೈ ಮಗಳ ಕೈ ಮೇಲೆ ಹಾಲು ಎರೆಯಲಾರದೇ?

ನಿನ್ನ ಸೋದರಮಾವನ ಮನಸ್ಸು ನೋಯಿಸಬೇಡ. ಅವರು ನಿನಗೆ ತಂದೆಯ ಹಾಗೆ ನಿಂತವರು. ಅಮ್ಮ ಮೊದಲು, ಆಮೇಲೆ ಮಾವ ಅತ್ತೆ, ಆಮೇಲೆ ಬಂಧುಗಳು ಎಂದು ಸರದಿ ಮಾಡಬಹುದು. ಅದನ್ನು ನೀನೇ ಮಾವನ ಹತ್ತಿರ ಹೋಗಿ ಕೂತು ಕೇಳು. ನನಗೆ ಅವರು ಗೊತ್ತು, ಇಲ್ಲ ಎನ್ನುವವರಲ್ಲ.

ಹುಡುಗನ ಮನೆಯ ಕಡೆ ಅಯ್ಯನವರೊಬ್ಬರಿದ್ದಾರೆ, ಚಿಕ್ಕಂದಿನಿಂದ ಅವನಿಗೆ ಗೊತ್ತು ಎಂದು ನೀನೇ ಹೇಳಿದೆ. ನಮ್ಮ ಕಡೆಗೆ, ಆ ದಿನ ಹಳೇಬೀಡಿನ ಮದುವೆ ಮಾಡಿಸಿದ ಪುರೋಹಿತರಿದ್ದಾರೆ. ಅವರ ಮನೆ ನನಗೆ ಗೊತ್ತು. ಒಬ್ಬರೇ ಮಾಡಿಸಲಿ, ಇಬ್ಬರೂ ಕೂತು ಹಂಚಿಕೊಂಡು ಮಾಡಿಸಲಿ, ಅದನ್ನು ನೀವೇ ನಿರ್ಧರಿಸಿ. ಛತ್ರದವರಿಗೆ ಇವತ್ತೇ ಫೋನು ಮಾಡಿ ನಮ್ಮ ಕಡೆಯವರು ಬರುತ್ತಾರೆ, ನೀವು ಕರೆಸುವುದು ಬೇಡ ಎಂದು ತಿಳಿಸು. ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲವಾದರೆ ಮಾಡಿಸುವವರ ಹೆಸರನ್ನೂ ಅದರಲ್ಲಿ ಹಾಕಿಸು.

ಬರುವ ಭಾನುವಾರ ನೀವಿಬ್ಬರೂ ಊರಿಗೆ ಬನ್ನಿ. ಎಲೆ ಅಡಿಕೆ, ಹಣ್ಣು, ಒಂದು ತೆಂಗಿನಕಾಯಿ ಇಟ್ಟುಕೊಂಡು ಅಯ್ಯನವರ ಮನೆಗೂ ಪುರೋಹಿತರ ಮನೆಗೂ ಹೋಗಿಬನ್ನಿ, ಬೇಕೆಂದರೆ ನಾನೂ ಬರುತ್ತೇನೆ. ಮುಹೂರ್ತದ ಮಾತು, ಸಾಮಾನಿನ ಪಟ್ಟಿ ಆಮೇಲೆ ಇರಲಿ. ಮೊದಲು ನಿನ್ನ ಅಮ್ಮನನ್ನು ಅವರ ಎದುರಿಗೆ ಕೂರಿಸಿ, "ಧಾರೆ ನಮ್ಮಮ್ಮ ಎರೆಯುತ್ತಾರೆ, ನೀವು ಮಾಡಿಸಿಕೊಡುತ್ತೀರಾ?" ಎಂದು ಕೇಳು.